ಫ್ಯೂಸ್ ಜಾಗಕ್ಕೊಂದು ಬಲ್ಬು: ಹಳೆ ಕಾರಿನ ಶಾರ್ಟ್ ಹಿಡಿಯುವ ಸೂತ್ರಗಳು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಳೆ ಕಾರೆಂದರೆ ಶೋಕಿಯ ವಸ್ತುವಲ್ಲ, ದುಡಿಯುವ ಗಾಡಿ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ನಿಂತಿತು, 2019ರಲ್ಲಿ ಓಮ್ನಿಯ ಸರದಿ. ಆದರೂ ಸಂತೆಗೆ, ದವಾಖಾನೆಗೆ, ಲಗ್ನದ ದಿಬ್ಬಣಕ್ಕೆ ಇವೇ ಓಡುತ್ತಿವೆ. ಈ ಸೀಮೆ ಸೇರಿದ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ, ಧಾರವಾಡದ ಕೆಎ 25 ನಂಬರು ಹೊತ್ತ ಗಾಡಿ ಈಗಲೂ ಕಣ್ಣಿಗೆ ಬಿದ್ದರೆ ಅದರ ವಯಸ್ಸನ್ನು ಬೇರೆ ಕೇಳಬೇಕಿಲ್ಲ.

ಇಂಥ ಗಾಡಿಯ ಇಂಜಿನ್ ಕೆಟ್ಟರೆ ಊರಿಗೊಬ್ಬ ಮಿಸ್ತ್ರಿ ಸಿಗುತ್ತಾನೆ. ವೈರಿಂಗ್ ಕೆಟ್ಟರೆ ಮಾತ್ರ ‘ಪೂರಾ ಬಿಚ್ಚಿ ಹೊಸಾದು ಹಾಕಬೇಕ್ರಿ’ ಎಂಬ ತೀರ್ಪು ಬೇಗ ಬರುತ್ತದೆ. ಬಹಳ ಸಲ ಅದು ಬೇಕಾಗಿರುವುದಿಲ್ಲ. ಶಾರ್ಟ್ ಇರುವುದು ಸಾಮಾನ್ಯವಾಗಿ ಒಂದೇ ಕಡೆ, ಉಗುರಿನಗಲದ ಜಾಗದಲ್ಲಿ. ಅದನ್ನು ಹುಡುಕುವುದೆಂದರೆ ತಂತಿ ಕೀಳುವುದಲ್ಲ. ದೋಷವಿಲ್ಲದ ಭಾಗವನ್ನು ಒಂದೊಂದಾಗಿ ಲೆಕ್ಕದಿಂದ ಬಿಡುತ್ತ ಹೋಗುವುದು.

1. ಮೊದಲು ರೋಗದ ಹೆಸರು ಗೊತ್ತುಮಾಡಿ

ಲೈಟು ಉರಿಯದಿದ್ದರೆ ಸಾಕು, ನಮ್ಮ ಕಡೆ ಎಲ್ಲರೂ ಹೇಳುವುದು ‘ಶಾರ್ಟ್ ಆಗೇತಿ’ ಅಂತಲೇ. ನಾಲ್ಕು ಬೇರೆ ಬೇರೆ ದೋಷಗಳನ್ನು ಈ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಅದು ನಿಜವಾದ ಶಾರ್ಟ್: ಕರೆಂಟು ಬಲ್ಬಿಗೋ ಮೋಟರಿಗೋ ಮುಟ್ಟುವ ಮೊದಲೇ ನಡುದಾರಿಯಲ್ಲಿ ಬಾಡಿಗೆ ಇಳಿಯುತ್ತಿದೆ. ಫ್ಯೂಸ್ ಚೆನ್ನಾಗಿದ್ದೂ ಲೈಟು ಉರಿಯದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಬಲ್ಬು ಹೋಗಿದೆ. ಲೈಟು ಮಂಕಾಗಿ ಉರಿದರೆ, ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ಲೈಟೂ ಜತೆಗೇ ಮಿಟುಕಿದರೆ ಅರ್ಥ್ ಸರಿಯಿಲ್ಲ. ಎಲ್ಲವೂ ನೆಟ್ಟಗಿದ್ದು ಬೆಳಗಾಗುವುದರೊಳಗೆ ಬ್ಯಾಟರಿ ಮಲಗಿದರೆ ಕರೆಂಟು ಎಲ್ಲೋ ಸಣ್ಣಗೆ ಸೋರುತ್ತಿದೆ. ನಾಲ್ಕಕ್ಕೂ ಹುಡುಕುವ ದಾರಿ ಬೇರೆ. ಹೆಸರು ತಪ್ಪಿದರೆ ಇಡೀ ದಿನ ಹೋಗುತ್ತದೆ.

2. ‘ಯಾವಾಗ?’ ಎಂದು ಕೇಳಿ

ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿ ಓಡಿಸುವವರನ್ನು ಕೂರಿಸಿಕೊಂಡು ಮಾತಾಡಿಸಿ. ಯಾವ ಸ್ವಿಚ್ ಹಾಕಿದಾಗ ಹಾರುತ್ತದೆ? ನಿಂತಾಗಲೋ, ಓಡುವಾಗಲೋ? ಗುಂಡಿಗೆ ಇಳಿದಾಗಲೇ ಹಾರಿದರೆ ತಂತಿ ಎಲ್ಲೋ ಸಡಿಲಾಗಿ ನೇತಾಡಿ ಬಾಡಿಗೆ ಬಡಿಯುತ್ತಿದೆ. ಬ್ರೇಕ್ ತುಳಿದಾಗ ಹಾರಿದರೆ ಪೆಡಲ್ ಬಳಿಯ ಸ್ವಿಚ್ಚಿನಿಂದ ಹಿಂದಿನ ಬ್ರೇಕ್ ಲೈಟಿನವರೆಗಿನ ಒಂದು ತಂತಿಯಷ್ಟೇ ನೋಡಬೇಕಾದದ್ದು. ರಿವರ್ಸ್ ಗೇರಿಗೆ ಹಾಕಿದಾಗ ಹಾರಿದರೆ ಗೇರ್‌ಬಾಕ್ಸ್ ಮೇಲಿನ ಸ್ವಿಚ್ಚಿನ ತಂತಿ ಸೈಲೆನ್ಸರ್ ಪೈಪಿಗೆ ತಾಗಿ ಸುಟ್ಟಿದೆಯೋ ನೋಡಿ. ಡಿಕ್ಕಿ ಮುಚ್ಚಿದಾಗ ಹಾರಿದರೆ ಕೀಲಿನ ಹತ್ತಿರ. ಸ್ಟೇರಿಂಗ್ ತಿರುಗಿಸಿದಾಗ ಹಾರ್ನ್ ತಾನಾಗಿ ಕೂಗಿಕೊಂಡರೆ ಫ್ಯೂಸ್ ಹಾರದೆಯೂ ಇರಬಹುದು, ಏಕೆಂದರೆ ಬಹಳಷ್ಟು ಹಳೆ ಕಾರುಗಳಲ್ಲಿ ಹಾರ್ನ್ ಬಟನ್ನಿನ ಕೆಲಸವೇ ತಂತಿಯನ್ನು ಅರ್ಥಿಗೆ ಮುಟ್ಟಿಸುವುದು. ಆ ತಂತಿ ಸ್ಟೇರಿಂಗ್ ಕಂಬದೊಳಗೆ ಸವೆದಿದ್ದರೆ ಬಟನ್ ಒತ್ತುವವರೇ ಬೇಡ.

ಒಂದು ಕಾಗದ ತೆಗೆದುಕೊಂಡು, ಆ ಫ್ಯೂಸ್ ಹೋದಾಗ ಏನೇನು ಕೆಲಸ ಮಾಡುವುದಿಲ್ಲ ಎಂದು ಬರೆಯಿರಿ. ವೈಪರ್, ಇಂಡಿಕೇಟರ್, ಪೆಟ್ರೋಲ್ ಮುಳ್ಳು ಮೂರೂ ಒಟ್ಟಿಗೆ ಸತ್ತರೆ ಮೂರಕ್ಕೂ ಒಂದೇ ಫ್ಯೂಸು. ಹುಡುಕಬೇಕಾದ ತಂತಿಗಳ ಪಟ್ಟಿ ಅಲ್ಲಿಗೆ ತಯಾರಾಯಿತು. ಉಳಿದದ್ದನ್ನು ಮುಟ್ಟಬೇಡಿ.

3. ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸಿನ ಬದಲು ಬೆಳ್ಳಿ ಕಾಗದವಂತೂ ಬೇಡವೇ ಬೇಡ

‘ದೊಡ್ಡ ಫ್ಯೂಸ್ ಹಾಕ್ರಿ, ನಡೀತೈತಿ’ ಅನ್ನುವವರಿದ್ದಾರೆ. ನಡೆಯುತ್ತದೆ, ಮನೆ ಮುಟ್ಟುವ ತನಕ ನಡೆದರೂ ನಡೆಯಬಹುದು. ಕಾರಿನ ಬ್ಯಾಟರಿ ನೇರ ಶಾರ್ಟಿನಲ್ಲಿ ನೂರಾರು ಆಂಪಿಯರ್ ಕೊಡಬಲ್ಲದು. 10 ಆಂಪಿಯರಿನ ಜಾಗಕ್ಕೆ 30 ಆಂಪಿಯರಿನ ಫ್ಯೂಸ್ ಕೂರಿಸಿದರೆ ಮೊದಲು ಸುಡುವುದು ಫ್ಯೂಸಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ತಂತಿ. ಒಂದು ತಂತಿ ಕಾದರೆ ಕಟ್ಟಿನಲ್ಲಿರುವ ಅಕ್ಕಪಕ್ಕದ ತಂತಿಗಳ ಮೇಲಿನ ಪ್ಲಾಸ್ಟಿಕ್ಕೂ ಕರಗಿ ಎಲ್ಲವೂ ಅಂಟಿಕೊಳ್ಳುತ್ತವೆ. ಆಮೇಲೆ ‘ಪೂರಾ ಬಿಚ್ಚಬೇಕ್ರಿ’ ಅನ್ನುವ ಮಾತು ನಿಜವಾಗುತ್ತದೆ.

ಅಲಗಿನಾಕಾರದ ಫ್ಯೂಸುಗಳಲ್ಲಿ ಬಣ್ಣವೇ ಲೆಕ್ಕ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕಾಗದದಲ್ಲಿ ಬರೆದಿಟ್ಟು ಬಾನೆಟ್ಟಿನ ಒಳಮೈಗೆ ಅಂಟಿಸಿ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಗಾಜಿನ ಕೊಳವೆಯ ಫ್ಯೂಸ್ ಅಥವಾ ಪಿಂಗಾಣಿ ಮೈಯ ಫ್ಯೂಸ್ ಇರುತ್ತದೆ. ಇವುಗಳಲ್ಲಿ ಇನ್ನೊಂದು ಕಾಟ: ಹಿಡಿಯುವ ತುದಿಗಳಿಗೆ ಕಿಲುಬು ಹಿಡಿದು ಅಲ್ಲೇ ಕಾಯುತ್ತದೆ, ಶಾರ್ಟ್ ಇಲ್ಲದೆಯೂ ಫ್ಯೂಸ್ ಕರಗುತ್ತದೆ. ಉಜ್ಜುಕಾಗದದಿಂದ ತುದಿ ಉಜ್ಜಿ ನೋಡುವುದು ಎರಡು ನಿಮಿಷದ ಕೆಲಸ. ಅದನ್ನು ಮೊದಲು ಮುಗಿಸಿ.

ಹಳೆಯ ಅಂಬಾಸಿಡರ್ ಇಟ್ಟವರಿಗೆ ಒಂದು ಎಚ್ಚರಿಕೆ. ಆ ಕಾಲದ, ಬ್ರಿಟಿಷ್ ಮೂಲದ ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ಇದ್ದದ್ದು ಎರಡೇ ಫ್ಯೂಸು, ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ಹೆಡ್‌ಲೈಟಿನ ತಂತಿ ಬಾಡಿಗೆ ತಾಗಿದರೆ ಏನೂ ಹಾರುವುದಿಲ್ಲ, ತಂತಿಯೇ ಹೊಗೆಯಾಡುತ್ತದೆ. ಹುಡುಕಾಟವೆಲ್ಲ ಮುಗಿದ ಮೇಲೆ ಆ ದಾರಿಯಲ್ಲಿ ಒಂದು ಫ್ಯೂಸ್ ಹೋಲ್ಡರ್ ಸೇರಿಸಿಬಿಡಿ, ಖರ್ಚು ಹೆಚ್ಚಿಲ್ಲ.

4. ಉಂಗುರ ತೆಗೆದಿಡಿ

ಕೈಗಡಿಯಾರ, ಬಳೆ, ಕಡಗ ಕೂಡ. ಬ್ಯಾಟರಿ ಪಾಸಿಟಿವ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಬೆರಳಿನ ಮೇಲೇ ಕಾಯುತ್ತದೆ. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಸೇರಿದ ತುದಿ ಮೊದಲು, ಹಾಕುವಾಗ ಅದೇ ಕೊನೆಗೆ. ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ನಮ್ಮ ಗಾಡಿಗಳಲ್ಲಿ ಬಾಡಿಗೆ ಸೇರಿದ್ದು ನೆಗೆಟಿವ್. 1960ರ ದಶಕದ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪಾಸಿಟಿವ್ ಇರುವುದೂ ಉಂಟು, ಹಾಗಾಗಿ ತೀರ ಹಳೆಯದಾದರೆ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಹತ್ತಿರ ಬೀಡಿ ಬೇಡ, ಚಾರ್ಜಾಗುವಾಗ ಹೈಡ್ರೋಜನ್ ಬರುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ವೈರಿಂಗ್ ನಾಳೆ ನೋಡಿದರಾಯಿತು.

5. ಫ್ಯೂಸ್ ಜಾಗಕ್ಕೆ ಬಲ್ಬು ಹಾಕಿ

ಎಲ್ಲ ಸೂತ್ರಗಳಲ್ಲಿ ನನಗೆ ಬಹಳ ಮೆಚ್ಚಿನದು ಇದು. ಇದೊಂದನ್ನು ಕಲಿತರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಫ್ಯೂಸ್ ಹಾರುವ ಗಾಡಿಯಲ್ಲಿ ಒಂದೊಂದು ಪರೀಕ್ಷೆಗೂ ಒಂದೊಂದು ಫ್ಯೂಸ್ ಸುಡುತ್ತ ಕೂತರೆ ಡಬ್ಬಿ ಖಾಲಿಯಾಗುತ್ತದೆ, ಗೊತ್ತಾಗುವುದು ಮಾತ್ರ ಏನೂ ಇಲ್ಲ. ಫ್ಯೂಸ್ ಹಾರಿದ ಕ್ಷಣಕ್ಕೇ ಕರೆಂಟು ನಿಂತುಹೋಗುತ್ತದಲ್ಲ. ಬದಲಿಗೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬೊಂದನ್ನು ಹೋಲ್ಡರಿನಲ್ಲಿ ಕೂರಿಸಿ, ಎರಡು ತಂತಿ ಎಳೆದು, ಫ್ಯೂಸ್ ತೆಗೆದ ಎರಡು ತುದಿಗಳ ನಡುವೆ ಸಿಗಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ. 12 ವೋಲ್ಟಿಗೆ 21 ವ್ಯಾಟ್ ಎಂದರೆ ಹರಿಯುವುದು 1.75 ಆಂಪಿಯರ್, ಅದಕ್ಕಿಂತ ಹೆಚ್ಚು ಹರಿಯಲು ಬಲ್ಬು ಬಿಡುವುದಿಲ್ಲ. ತಂತಿ ಕಾಯುವುದಿಲ್ಲ, ಹೊಗೆಯಿಲ್ಲ, ಗಂಟೆಗಟ್ಟಲೆ ಹಾಗೇ ಬಿಟ್ಟು ಹುಡುಕಬಹುದು.

ಈಗ ಈ ಬಲ್ಬೇ ನಿಮ್ಮ ಕಣ್ಣು. ಒಂದು ತಂತಿ ಅಲುಗಿಸಿದಿರಿ, ಬಲ್ಬು ಆರಿತು: ಅಲ್ಲೇ ಇದೆ. ತಂತಿಗಳು ಸೇರುವ ಒಂದು ಕಪ್ಲರ್ ಬಿಚ್ಚಿದಿರಿ, ಆರಲಿಲ್ಲ: ಅದರಾಚೆ ಏನೂ ಇಲ್ಲ. ಬಲ್ಬನ್ನು ಗಾಜಿನ ಮೂಲಕ ಕಾಣುವ ಹಾಗೆ ಡ್ಯಾಶ್‌ಬೋರ್ಡ್ ಮೇಲಿಡಿ, ಡಿಕ್ಕಿಯ ಬಳಿ ಕೂತರೂ ಕಾಣಬೇಕು. ಇಲ್ಲವೇ ಮನೆಯ ಹುಡುಗನೊಬ್ಬನನ್ನು ಕೂರಿಸಿ, ‘ಆರಿತು’ ಎಂದು ಕೂಗುವುದಷ್ಟೇ ಅವನ ಕೆಲಸ. ಬಲ್ಬಿನ ಗಾಜು ಕೈ ಸುಡುವಷ್ಟು ಕಾಯುತ್ತದೆ, ಸೀಟಿನ ರೆಕ್ಸಿನ್ ಮೇಲೆ ಇಡಬಾರದು.

ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಇದೇ ಜಾಗದಲ್ಲಿ ಸಿಗಿಸುವ ಆಸೆ ಬೇಡ. ನೇರ ಶಾರ್ಟಿಗೆ ಮೀಟರ್ ಕೊಟ್ಟರೆ ಹಾರುವುದು ಮೀಟರಿನೊಳಗಿನ ಫ್ಯೂಸು.

6. ಆ ಫ್ಯೂಸಿನ ದಾರಿಯ ಬಲ್ಬುಗಳನ್ನೆಲ್ಲ ಬಿಚ್ಚಿಡಿ

ಮೀಟರನ್ನು ಓಮ್‌ಗೆ ಇಟ್ಟು ನೋಡಿದರೆ ತಣ್ಣಗಿರುವ ಬಲ್ಬು ಶಾರ್ಟಿನಂತೆಯೇ ಕಾಣುತ್ತದೆ. 21 ವ್ಯಾಟಿನ ಬಲ್ಬು ಉರಿಯುವಾಗ ಸುಮಾರು 7 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗದಷ್ಟೇ. ಮೀಟರ್ ‘ಕುಂಯ್’ ಎಂದ ಕೂಡಲೇ ‘ಸಿಕ್ಕಿತು’ ಎಂದು ತಂತಿ ಕತ್ತರಿಸಿದವರುಂಟು. ಬಲ್ಬು ತೆಗೆದ ಮೇಲೂ ಮೀಟರ್ ಕೂಗಿದರೆ ಆಗ ಅದು ಶಾರ್ಟ್.

ತೆಗೆಯುವಾಗಲೇ ಹೋಲ್ಡರಿನೊಳಗೆ ಇಣುಕಿ ನೋಡಿ. ಹಿಂದಿನ 21/5 ವ್ಯಾಟಿನ ಬಲ್ಬಿಗೆ ಎರಡು ತಂತುಗಳಿರುತ್ತವೆ. ಒಂದು ಕಡಿದು ಇನ್ನೊಂದರ ಮೇಲೆ ಬಿದ್ದರೆ ಬ್ರೇಕ್ ತುಳಿದಾಗ ಡ್ಯಾಶ್‌ಬೋರ್ಡಿನ ಲೈಟೂ ಉರಿಯುವಂಥ ವಿಚಿತ್ರಗಳು ಶುರುವಾಗುತ್ತವೆ, ಇಡೀ ವೈರಿಂಗಿಗೆ ದೆವ್ವ ಹಿಡಿದಂತೆ ಕಾಣುತ್ತದೆ. ಬಲ್ಬು ಬದಲಿಸಿದರೆ ದೆವ್ವ ಬಿಡುತ್ತದೆ. ಹೋಲ್ಡರಿನ ತಳದ ಸ್ಪ್ರಿಂಗ್ ಓರೆಯಾಗಿ ಗೋಡೆಗೆ ತಾಗಿದ್ದರೂ ಶಾರ್ಟೇ.

7. ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ

ಮುಂದಿನ ಬಾನೆಟ್ಟಿನಿಂದ ಹಿಂದಿನ ದೀಪದವರೆಗೆ ಇಂಚಿಂಚು ನೋಡುತ್ತ ಹೋಗಬೇಡಿ. ತಂತಿಯ ಕಟ್ಟು ನಡುವೆ ಎಲ್ಲೋ ಕಪ್ಲರಿನಲ್ಲಿ ಸೇರುತ್ತದೆ, ಸಾಮಾನ್ಯವಾಗಿ ಮುಂದಿನ ಬಾಗಿಲ ಪಕ್ಕ, ಕಾಲಿಡುವ ಜಾಗದ ಮಗ್ಗುಲಲ್ಲಿ. ಅದನ್ನು ಬಿಚ್ಚಿ. ಬಲ್ಬು ಆರಿದರೆ ದೋಷ ಹಿಂದೆ, ಆರದಿದ್ದರೆ ಮುಂದೆ. ಅರ್ಧ ಗಾಡಿ ಲೆಕ್ಕದಿಂದ ಹೋಯಿತು. ಉಳಿದ ಅರ್ಧವನ್ನು ಮತ್ತೆ ಹೀಗೆಯೇ ಅರ್ಧ ಮಾಡಿ. ಬಿಚ್ಚಿದ ಪ್ರತಿ ಕಪ್ಲರಿನ ಫೋಟೊ ಮೊಬೈಲಿನಲ್ಲಿರಲಿ. ಸೇರಿಸುವಾಗ ನೆನಪಿನ ಮೇಲೆ ಭರವಸೆ ಬೇಡ.

8. ಆಮೇಲೆ ಹಾಕಿಸಿದ್ದನ್ನು ಮೊದಲು ನೋಡಿ

ಕಾರ್ಖಾನೆಯಲ್ಲಿ ಹಾಕಿದ ವೈರಿಂಗ್ ಇಪ್ಪತ್ತು–ಮೂವತ್ತು ವರ್ಷ ತಡೆಯುತ್ತದೆ. ತಡೆಯದೆ ಹೋಗುವುದು ಆಮೇಲಿನ ಅಲಂಕಾರ: ಮ್ಯೂಸಿಕ್ ಸಿಸ್ಟಂ, ಫಾಗ್ ಲ್ಯಾಂಪ್, ರಾಗದ ಹಾರ್ನ್, ರಿವರ್ಸ್ ಹಾಕಿದರೆ ಕೂಗುವ ಬಜರ್, ಸೆಂಟ್ರಲ್ ಲಾಕ್, ಗ್ಯಾಸ್ ಕಿಟ್. ಇವಕ್ಕೆಲ್ಲ ಮೂಲ ತಂತಿಯ ಮೈ ಸುಲಿದು, ಹೊಸ ತಂತಿ ತಿರುವಿ, ಮೇಲೆ ಟೇಪು ಸುತ್ತಿರುತ್ತಾರೆ. ಎರಡು ಬೇಸಿಗೆ ಕಳೆದರೆ ಟೇಪಿನ ಅಂಟು ಕರಗಿ ಜಾರುತ್ತದೆ.

ನಮ್ಮ ಸೀಮೆಯ ಓಮ್ನಿಗಳ ವಿಶೇಷ ಮೈಕ್ ಸೆಟ್. ಜಾತ್ರೆಗೆ, ಚುನಾವಣೆಗೆ, ನಾಟಕದ ಪ್ರಚಾರಕ್ಕೆ ಎಂದು ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ತಂತಿ ಎಳೆದಿರುತ್ತಾರೆ, ನಡುವೆ ಫ್ಯೂಸ್ ಇರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಆಂಪ್ಲಿಫೈಯರ್ ಬಾಡಿಗೆಯವರ ಮನೆಗೆ ಹೋಗುತ್ತದೆ. ತಂತಿಯ ಬೆತ್ತಲೆ ತುದಿ ಮಾತ್ರ ಸೀಟಿನ ಅಡಿಯಲ್ಲೇ ಉಳಿಯುತ್ತದೆ, ಇನ್ನೂ ಜೀವಂತವಾಗಿ. ಓಮ್ನಿಯ ಇಂಜಿನ್ ಇರುವುದೂ ಮುಂದಿನ ಸೀಟುಗಳ ಕೆಳಗೆ ಎಂಬುದನ್ನು ನೆನೆದರೆ ಅದು ಎಲ್ಲಿ ಬಿದ್ದಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಕೆಲಸವಾಗಿ, ಇಂಥ ಹೆಚ್ಚುವರಿ ತಂತಿಗಳನ್ನು ಒಂದೊಂದಾಗಿ ಬುಡದಲ್ಲೇ ಬಿಡಿಸಿ ಬಲ್ಬು ಆರುತ್ತದೋ ನೋಡಿ. ಬಹಳಷ್ಟು ಹುಡುಕಾಟ ಇಲ್ಲೇ ಮುಗಿಯುತ್ತದೆ.

9. ತಂತಿ ಬಾಗುವ ಕಡೆ, ಉಜ್ಜುವ ಕಡೆ, ಒದ್ದೆಯಾಗುವ ಕಡೆ

ನೆಟ್ಟಗೆ, ನಿಶ್ಚಲವಾಗಿ ಮಲಗಿದ ತಂತಿಗೆ ಏನೂ ಆಗುವುದಿಲ್ಲ. ಕೆಡುವ ಜಾಗಗಳು ಗೊತ್ತಿರುವಂಥವೇ.

ಇಂಜಿನ್ ಕೋಣೆಯಿಂದ ಒಳಗೆ ಬರುವ ತಗಡಿನ ತೂತು ಒಂದು. ಅಲ್ಲಿನ ರಬ್ಬರ್ ಬುಷ್ ಒಣಗಿ ಉದುರಿದರೆ ತಗಡಿನ ಅಂಚು ತಂತಿಯನ್ನು ನಿಧಾನ ಕೊಯ್ಯುತ್ತದೆ. ಬೆರಳು ಹಾಯಿಸುವ ಮೊದಲು ಟಾರ್ಚ್ ಬಿಟ್ಟು ನೋಡಿ: ತಂತಿಯ ಬಣ್ಣದ ಮೈಮೇಲೆ ಸಣ್ಣ ಕಪ್ಪು ಚುಕ್ಕೆ, ಅದರೆದುರು ತಗಡಿನ ಪೇಂಟು ಸುಟ್ಟು ಬೂದಿಬಣ್ಣದ ಇನ್ನೊಂದು ಚುಕ್ಕೆ. ಜೋಡಿ ಚುಕ್ಕೆ ಕಂಡರೆ ಕೆಲಸ ಆಯಿತು.

ಬಾಗಿಲಿನ ಮತ್ತು ಡಿಕ್ಕಿಯ ಕೀಲು ಇನ್ನೊಂದು. ಹಿಂಬಾಗಿಲು ಮೇಲೆತ್ತುವ ಗಾಡಿಯಲ್ಲಿ ರಬ್ಬರ್ ತೋಳಿನೊಳಗೆ ತಂತಿ ದಿನಕ್ಕೆಷ್ಟೋ ಸಲ ಮಡಚಿ ಬಿಚ್ಚುತ್ತದೆ. ತೋಳನ್ನು ಹಿಂದಕ್ಕೆ ಜಾರಿಸಿ, ತಂತಿಯನ್ನು ಮೆಲ್ಲಗೆ ಬಾಗಿಸಿದರೆ ಒಡೆದ ಮೈ ಬಾಯಿ ತೆರೆಯುತ್ತದೆ.

ಬಾಗಿಲ ಹೊಸ್ತಿಲ ಪಟ್ಟಿಯ ಅಡಿ ಮೂರನೆಯದು. ಹಿಂದಿನ ದೀಪಗಳಿಗೆ ಹೋಗುವ ಕಟ್ಟು ಇಲ್ಲೇ ಹಾಯುತ್ತದೆ. ಸವಣೂರಿನ ವೀಳ್ಯದೆಲೆ ಹೊರುವ ಗಾಡಿಗಳಲ್ಲಿ ಇದನ್ನು ತಪ್ಪದೆ ಬಿಚ್ಚಿ ನೋಡಬೇಕು. ಎಲೆ ಬಾಡದಿರಲಿ ಎಂದು ನೀರು ಚಿಮುಕಿಸುತ್ತಾರೆ, ಅದು ಇಳಿದು ಮ್ಯಾಟಿನ ಅಡಿ ನಿಲ್ಲುತ್ತದೆ. ಎಲೆ ಇಳಿಸಿದ ಮೇಲೆ ಮೇಲ್ಗಡೆ ಒಣಗಿದಂತೆ ಕಾಣುತ್ತದೆ, ಅಡಿಯ ಫೋಮು ವಾರವಾದರೂ ಒಣಗುವುದಿಲ್ಲ. ಅಲ್ಲಿನ ಕಪ್ಲರ್ ಬಿಚ್ಚಿದರೆ ಹಿತ್ತಾಳೆಯ ಕಾಲುಗಳ ಮೇಲೆ ಹಸಿರು ಹುಡಿ ಕೂತಿರುತ್ತದೆ. ಪಕ್ಕದ ಕಾಲಿಗೂ ಅದು ಹಬ್ಬಿದ್ದರೆ ಕರೆಂಟು ಅದರ ಮೇಲೇ ದಾಟುತ್ತದೆ.

ಇಲಿಯನ್ನು ಮರೆಯುವಂತಿಲ್ಲ. ಹಾನಗಲ್, ಹಿರೇಕೆರೂರು ಕಡೆ ಗೋವಿನಜೋಳ ಮನೆಗೆ ಬಂದ ದಿನಗಳಲ್ಲಿ ಅಂಗಳದ ಗಾಡಿಯ ಬಾನೆಟ್ಟೂ ಇಲಿಯ ಮನೆಯೇ. ಕಾಳು ತಂದು ಬ್ಯಾಟರಿಯ ಪಕ್ಕ ಗುಡ್ಡೆ ಹಾಕುತ್ತದೆ, ಹಲ್ಲು ಮಸೆಯಲು ತಂತಿ ಕಡಿಯುತ್ತದೆ. ಹೊಟ್ಟು, ಹಿಕ್ಕೆ ಕಂಡ ಕಡೆಯಿಂದಲೇ ಹುಡುಕಾಟ ಶುರುಮಾಡಿ. ಇಲಿ ಒಂದೇ ತಂತಿ ಕಡಿದು ಬಿಡುವ ಪ್ರಾಣಿಯಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸದೆ ಕಟ್ಟಿನ ಅಡಿಮೈಯನ್ನೂ ತಿರುವಿ ನೋಡಿ.

10. ದಿಕ್ಸೂಚಿ ಇಟ್ಟು ತಂತಿಯ ಜಾಡು ಹಿಡಿಯಿರಿ

ತಂತಿ ಕಣ್ಣಿಗೆ ಕಾಣದಂತೆ ಲೈನಿಂಗ್ ಒಳಗೆ ಹೋದಾಗ ಈ ಉಪಾಯ. 5ನೇ ಸೂತ್ರದ ಜಾಗದಲ್ಲಿ 21 ವ್ಯಾಟಿನ ಎರಡು ಬಲ್ಬು ಅಕ್ಕಪಕ್ಕ ಜೋಡಿಸಿ, ಅವುಗಳ ಜತೆಗೆ ಸಾಲಾಗಿ ಇಂಡಿಕೇಟರಿನ ಹಳೆ ಫ್ಲಾಷರ್ ಸೇರಿಸಿ. ಕರೆಂಟು ಈಗ ಬಿಟ್ಟು ಬಿಟ್ಟು ಹರಿಯುತ್ತದೆ. ಮಕ್ಕಳ ಜಾಮಿತಿ ಡಬ್ಬಿಯಲ್ಲಿ ಹಿಡಿಸುವಷ್ಟು ಸಣ್ಣ ದಿಕ್ಸೂಚಿಯನ್ನು ತಂತಿ ಹಾಯುವ ಹಾದಿಯ ಮೇಲೆ ಸರಿಸುತ್ತ ಹೋದರೆ ಮುಳ್ಳು ಬಲ್ಬಿನ ತಾಳಕ್ಕೆ ತೂಗುತ್ತದೆ. ಹರಿಯುವ ಕರೆಂಟಿನ ಸುತ್ತ ಕಾಂತಕ್ಷೇತ್ರ ಇರುತ್ತದೆಂಬ ಶಾಲೆಯ ಪಾಠ ಅಷ್ಟೇ. ಮೂರೂವರೆ ಆಂಪಿಯರ್ ಹರಿದರೆ ಒಂದು ಸೆಂಟಿಮೀಟರ್ ದೂರದಲ್ಲಿ ಅದರ ಬಲ ಭೂಮಿಯ ಕಾಂತಕ್ಕಿಂತ ಕಡಿಮೆಯೇನಲ್ಲ. ಶಾರ್ಟ್ ಆದ ಜಾಗ ದಾಟಿದ ಕೂಡಲೇ ಮುಳ್ಳು ಸುಮ್ಮನಾಗುತ್ತದೆ. ಬಾಡಿಯ ಕಬ್ಬಿಣಕ್ಕೆ ಮುಳ್ಳು ಓರೆಯಾಗಿ ನಿಲ್ಲಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಎಲ್ಲಿಗೆ ತಿರುಗಿದೆ ಎಂಬುದಲ್ಲ, ತೂಗುತ್ತಿದೆಯೋ ಇಲ್ಲವೋ ಎಂಬುದೇ ಉತ್ತರ. ಇದರಿಂದ ಉಳಿಯುವುದು ಇಡೀ ಛತ್ತು, ಕಾರ್ಪೆಟ್ಟು ಕೀಳುವ ಕೂಲಿ.

11. ಮಳೆಯಲ್ಲಷ್ಟೇ ಬರುವ ಶಾರ್ಟನ್ನು ಬಿಸಿಲಲ್ಲಿ ಹುಡುಕಬೇಡಿ

ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಜುಲೈ ತಿಂಗಳೆಲ್ಲ ಹಾರುವ ಫ್ಯೂಸು ದೀಪಾವಳಿಗೆ ತಾನೇ ಸರಿಹೋಗುತ್ತದೆ. ಸರಿಹೋಗಿಲ್ಲ, ಒಣಗಿದೆ ಅಷ್ಟೇ. ಫ್ಯೂಸ್ ಜಾಗಕ್ಕೆ ಬಲ್ಬು ಕೊಟ್ಟು, ಗಿಡಕ್ಕೆ ಔಷಧ ಹೊಡೆಯುವ ಕೈಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿ, ಒಂದೊಂದು ಕಡೆಗೆ ಮಾತ್ರ ಚಿಮುಕಿಸಿ: ಹೆಡ್‌ಲೈಟಿನ ಹಿಂಬದಿ, ಬಂಪರ್ ಹಿಂದೆ, ಹಿಂದಿನ ದೀಪದ ಗ್ಯಾಸ್ಕೆಟ್, ಚಕ್ರದ ಗೂಡಿನ ಒಳಗೋಡೆ. ಬಲ್ಬು ಹತ್ತಿದ ಕಡೆ ನಿಲ್ಲಿ. ಒಟ್ಟಿಗೆ ಎಲ್ಲ ತೊಯಿಸಿದರೆ ಯಾವುದರಿಂದ ಹತ್ತಿತೆಂಬುದೇ ತಿಳಿಯುವುದಿಲ್ಲ.

12. ಬ್ಯಾಟರಿ ರಾತ್ರೋರಾತ್ರಿ ಇಳಿದರೆ ಲೆಕ್ಕ ಹಾಕಿ

ಇಲ್ಲಿ ಬಲ್ಬು ಸಾಲದು, ಮೀಟರ್ ಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 13.8ರಿಂದ 14.4. ಓಡುವಾಗ ಇಷ್ಟು ಬರದಿದ್ದರೆ ಸೋರುವುದೇನೂ ಇಲ್ಲ, ತುಂಬುವುದೇ ಇಲ್ಲ.

ಎಲ್ಲ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ನಡುವೆ ಸೇರಿಸಿ. ಸೇರಿಸಿಟ್ಟು ಸೆಲ್ಫ್ ಹೊಡೆಯಬೇಡಿ, ಮೀಟರ್ ಉಳಿಯುವುದಿಲ್ಲ. ಕಂಪ್ಯೂಟರ್ ಇಲ್ಲದ ಹಳೆ ಕಾರಿನಲ್ಲಿ ಗಡಿಯಾರ, ರೇಡಿಯೊ ಬಿಟ್ಟರೆ ಬೇರೇನೂ ಹರಿಯಬಾರದು. 50 ಮಿಲಿ ಆಂಪಿಯರ್ ದಿನಕ್ಕೆ 1.2 ಆಂಪಿಯರ್ ಗಂಟೆ ತಿನ್ನುತ್ತದೆ, 35 ಆಂಪಿಯರ್ ಗಂಟೆಯ ಬ್ಯಾಟರಿಗೆ ಒಂದು ತಿಂಗಳ ಆಯುಷ್ಯ. 5 ವ್ಯಾಟಿನ ಒಂದೇ ಬಲ್ಬು ಉರಿಯುತ್ತಿದ್ದರೆ ದಿನಕ್ಕೆ 10, ಮೂರೂವರೆ ದಿನದಲ್ಲಿ ಪೂರಾ ಖಾಲಿ. ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಬ್ರೇಕ್ ಸ್ವಿಚ್ ಸಿಕ್ಕಿಕೊಂಡು ಹಿಂದಿನ ಎರಡೂ ಲೈಟು ಉರಿಯುತ್ತಿದ್ದರೆ ಹತ್ತು ತಾಸು ಸಾಕು. ಎಷ್ಟು ದಿನಕ್ಕೆ ಇಳಿಯುತ್ತದೆ ಎಂಬುದರಿಂದಲೇ ಕಳ್ಳನ ಗಾತ್ರ ತಿಳಿಯುತ್ತದೆ.

ಮೀಟರಿನಲ್ಲಿ ಅಂಕಿ ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದು ಕಿತ್ತಾಗ ಅಂಕಿ ಬೀಳುತ್ತದೋ ಆ ದಾರಿ. ಯಾವ ಫ್ಯೂಸಿಗೂ ಬೀಳದಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಡಿಸಿ ನೋಡಿ, ಒಳಗಿನ ಡಯೋಡ್ ಕೆಟ್ಟರೆ ಬ್ಯಾಟರಿಯ ಕರೆಂಟು ಅದರ ಮೂಲಕ ಹಿಮ್ಮುಖ ಹರಿಯುತ್ತದೆ. ಡೈನಮೋ ಇರುವ ಹಳೆ ಗಾಡಿಯಲ್ಲಿ ಇದೇ ಕೆಲಸ ಕಟ್‌ಔಟ್‌ನದು. ಅದರ ಪಾಯಿಂಟು ಅಂಟಿಕೊಂಡರೆ ನಿಂತ ಗಾಡಿಯ ಡೈನಮೋ ಕೈ ಇಡಲಾಗದಷ್ಟು ಬಿಸಿ. ಕೂಡಲೇ ಬ್ಯಾಟರಿ ಬಿಚ್ಚಿ.

ಡಿಕ್ಕಿಯ ಲೈಟು ಮುಚ್ಚಿದ ಮೇಲೂ ಉರಿಯುತ್ತದೋ ಎಂಬ ಅನುಮಾನವೇ? ಮೊಬೈಲಿನಲ್ಲಿ ವಿಡಿಯೊ ಶುರುಮಾಡಿ ಒಳಗಿಟ್ಟು ಮುಚ್ಚಿ ತೆರೆಯಿರಿ.

13. ಅರ್ಥ್ ಬೋಲ್ಟು ಉಜ್ಜಿ

ಶಾರ್ಟೆಂದು ಗ್ಯಾರೇಜಿಗೆ ಬರುವ ಹಳೆ ಗಾಡಿಗಳಲ್ಲಿ ಒಳ್ಳೆಯ ಪಾಲು ಇದರದ್ದೇ ಎಂದು ನನ್ನ ಅನುಮಾನ. ದೀಪ ಉರಿಸಿ, ಮೀಟರಿನ ಒಂದು ತುದಿ ದೀಪದ ಅರ್ಥಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ನಡುವೆ ತುಕ್ಕು ಕೂತಿದೆ. ಬೋಲ್ಟು ಬಿಚ್ಚಿ, ತಗಡು ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ.

14. ಬಣ್ಣ ಓದಲು ಕಲಿಯಿರಿ

ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ, ಫ್ಯೂಸಿಲ್ಲದ್ದು. ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಬರುವುದು. ಅದೇ ಫ್ಯೂಸ್ ದಾಟಿದ ಮೇಲೆ ಹಸಿರು. ನೇರಳೆ ಎಂದರೆ ಫ್ಯೂಸ್ ದಾಟಿದರೂ ಸದಾ ಜೀವಂತ. ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗು, ಕಪ್ಪು ಅರ್ಥು. ಇದಿಷ್ಟು ಗೊತ್ತಿದ್ದರೆ ಕಂದು ತಂತಿಯನ್ನು ಬ್ಯಾಟರಿ ಬಿಚ್ಚದೆ ಯಾರೂ ಮುಟ್ಟುವುದಿಲ್ಲ. ಜಪಾನಿ ಮೂಲದ ಮಾರುತಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರದೇ ನಕ್ಷೆ ನೋಡಬೇಕು. ನಡುವೆ ಯಾರೋ ಬೇರೆ ಬಣ್ಣದ ತುಂಡು ಸೇರಿಸಿದ್ದರೆ ಆ ಜೋಡಣೆಯ ಮೇಲೇ ಮೊದಲ ಅನುಮಾನ.

15. ಸಿಕ್ಕ ಮೇಲೆ ಟೇಪು ಸುತ್ತಿ ಕೈತೊಳೆದುಕೊಳ್ಳಬೇಡಿ

ಸುಟ್ಟ ಭಾಗವನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ, ಅಷ್ಟೇ ದಪ್ಪದ ಆಟೊ ವೈರ್ ಸೇರಿಸಿ, ಸಾಲ್ಡರ್ ಮಾಡಿ ಅಥವಾ ಲಗ್ ಹಾಕಿ ಅದುಮಿ, ಮೇಲೆ ಕಾಯಿಸಿದರೆ ಕುಗ್ಗುವ ಸ್ಲೀವ್ ಎಳೆಯಿರಿ. ಸ್ಲೀವನ್ನು ಜೋಡಿಸುವ ಮೊದಲೇ ತಂತಿಗೆ ಪೋಣಿಸಬೇಕು. ಪಂಪ್‌ಸೆಟ್ಟಿಗೆ ಹಾಕಿ ಉಳಿದ ತಂತಿ, ಮನೆಯ ವೈರಿಂಗಿನ ತುಂಡು ಇವು ಇಂಜಿನ್ನಿನ ಬಿಸಿಗೂ ನಡುಕಕ್ಕೂ ಮಾಡಿದವಲ್ಲ. ಆಮೇಲೆ ತಂತಿ ಉಜ್ಜಿದ ಕಾರಣ ತೆಗೆಯಿರಿ: ಹೊಸ ರಬ್ಬರ್ ಬುಷ್, ಒಂದು ಕ್ಲಿಪ್ಪು. ಸೈಲೆನ್ಸರಿನಿಂದ ಒಂದು ಗೇಣು ದೂರವಿಡಿ.

ಮತ್ತೆ ಬಲ್ಬು ಸಿಗಿಸಿ, ಬಾಗಿಲು ಬಡಿದು, ಡಿಕ್ಕಿ ಎತ್ತಿಳಿಸಿ, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ನೋಡಿ. ಹತ್ತದಿದ್ದರೆ ಸರಿಯಾದ ಆಂಪಿಯರಿನ ಫ್ಯೂಸ್ ಹಾಕಿ, ಡಾಂಬರು ಬಿಟ್ಟು ಹೊಲದ ದಾರಿಯಲ್ಲಿ ಒಂದು ಸುತ್ತು.

16. ಬಿಟ್ಟುಕೊಡುವುದು ಯಾವಾಗ

ತಂತಿಯ ಕಟ್ಟು ಒಂದಕ್ಕೊಂದು ಕರಗಿ ಅಂಟಿದ್ದರೆ, ಇಗ್ನಿಷನ್ ಸ್ವಿಚ್ಚೇ ಬಿಸಿಯಾಗುತ್ತಿದ್ದರೆ, ಗ್ಯಾಸ್ ಕಿಟ್ಟಿನ ತಂತಿ ಸುಟ್ಟಿದ್ದರೆ ಮುಂದುವರಿಯಬೇಡಿ, ವೈರಿಂಗ್ ಮಿಸ್ತ್ರಿಯ ಹತ್ತಿರ ಹೋಗಿ. ಬ್ಯಾಟರಿ ಬಿಚ್ಚಿಯೇ ಗಾಡಿ ಎಳೆಸಿ. ‘ಶಾರ್ಟ್ ಆಗೇತ್ರಿ, ನೋಡ್ರಿ’ ಎಂದಷ್ಟೇ ಹೇಳಿದರೆ ಅವರೂ ಮೊದಲಿಂದ ಶುರುಮಾಡುತ್ತಾರೆ, ಕೂಲಿಯೂ ಮೊದಲಿಂದ. ‘ಪಾರ್ಕಿಂಗ್ ಫ್ಯೂಸ್ ಹಾರತೈತ್ರಿ, ಬಲ್ಬ್ ಎಲ್ಲಾ ಬಿಚ್ಚೇನಿ, ನಡುವಿನ ಕಪ್ಲರ್ ತೆಗೆದ್ರ ನಿಲ್ಲತೈತಿ’ ಎಂದರೆ ನೇರ ಹಿಂದಿನ ಭಾಗಕ್ಕೆ ಕೈ ಹಾಕುತ್ತಾರೆ. ನೋಂದಣಿಯ 15 ವರ್ಷ ಮುಗಿದು ನವೀಕರಣಕ್ಕೆ ಹಾವೇರಿಯ ಆರ್‌ಟಿಒ ಕಚೇರಿಗೆ ಹೊರಟವರು ಈ ಕೆಲಸವನ್ನು ಹಿಂದಿನ ದಿನಕ್ಕೆ ಉಳಿಸಿಕೊಳ್ಳಬಾರದು. ಅಲ್ಲಿ ಹೆಡ್‌ಲೈಟು, ಇಂಡಿಕೇಟರು, ಬ್ರೇಕ್ ಲೈಟು, ವೈಪರು, ಹಾರ್ನು ಎಲ್ಲ ಹಾಕಿಸಿ ನೋಡುತ್ತಾರೆ.